ನಾಲ್ಕು ಯೂನಿಟ್ಟು ತಿಂದವರ್ಯಾರು?

“ಅಲ್ಲಾಡಿಸ್ಬೇಡ್ವೇ! ನಾನು ಬಿದ್ರೆ ನಿನ್ನೇ ಹಿಡ್ಕೊಂಡು ಬೀಳ್ತೀನಿ!”

ಬನಶ್ರೀ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಸ್ಟೂಲು ಹಿಡಿದುಕೊಂಡಿದ್ದವಳು ಮೇಘನಾ. ಹಿಡಿದುಕೊಂಡಿದ್ದಳು ಅನ್ನೋದು ಹೆಸರಿಗೆ ಅಷ್ಟೆ. ಒಂದು ಕೈ ಸ್ಟೂಲಿನ ಮೇಲೆ, ಇನ್ನೊಂದು ಕೈ ಸ್ವೆಟರಿನ ಒಳಗೆ. ಡಿಸೆಂಬರ್ ತಿಂಗಳ ಬೆಳಗಿನ ಐದೂವರೆಗೆ ಹಿಂದೂಪುರದಲ್ಲಿ ಯಾರ ಕೈ ತಾನೇ ಹೊರಗೆ ಬರುತ್ತೆ?

“ಎಷ್ಟು ಬಂದೈತೆ, ಬೇಗ ಹೇಳು,” ಅಂದಳು ಮೇಘನಾ.

ಗೋಡೆಯ ಮೇಲೆ ಕರೆಂಟು ಮೀಟರು ಕೆಂಪಗೆ ಕಣ್ಣು ಮಿಟುಕಿಸುತ್ತಿತ್ತು. ಬನಶ್ರೀ ನಂಬರು ಓದಿದಳು. ಲೆಕ್ಕದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ನಿನ್ನೆಯ ನಂಬರು ನೋಡಿದಳು. ಮತ್ತೆ ಮೀಟರು ನೋಡಿದಳು. ಕಳೆದಳು. ನಂಬಿಕೆ ಬಾರದೆ ಇನ್ನೊಂದು ಸಲ ಕಳೆದಳು.

“ಒಂಬತ್ತು,” ಅಂದಳು ಮೆಲ್ಲಗೆ.

“ಒಂಬತ್ತಾ! ಐದು ಅಂದಿದ್ದೆ ನೀನು!” ಮೇಘನಾ ಸ್ಟೂಲು ಬಿಟ್ಟೇಬಿಟ್ಟಳು. “ಹೋಯ್ತು ಕಣೇ ನಮ್ ಪಿಕ್ನಿಕ್ಕು. ಗೋತಾ!”

ಬನಶ್ರೀ ಗೋಡೆ ಹಿಡಿದುಕೊಂಡು ಹೆಂಗೋ ಕೆಳಗಿಳಿದಳು. ಬಿದ್ದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಒಂಬತ್ತು ಅನ್ನೋ ನಂಬರೇ ಎದೆಗೆ ಗುದ್ದಿದಂಗಾಗಿತ್ತು.

ಯಾಕೆ ಅಂತ ತಿಳಿಯಬೇಕಾದರೆ ಒಂದು ತಿಂಗಳು ಹಿಂದಕ್ಕೆ ಹೋಗಬೇಕು.

ಅದು ಹೆಣ್ಣುಮಕ್ಕಳ ಹಾಸ್ಟೆಲು. ಒಂದು ಟ್ರಸ್ಟಿನವರು ನಡೆಸುತ್ತಾರೆ. ಒಟ್ಟು ಮೂವತ್ತಾರು ಹುಡುಗಿಯರು. ಗೋರಂಟ್ಲದವರು, ಚಿಲಮತ್ತೂರಿನವರು, ರೊದ್ದಂ ಕಡೆಯವರು. ಮೇಘನಾ ಒಬ್ಬಳೇ ದೂರದ ಕಲ್ಯಾಣದುರ್ಗದವಳು. ಬನಶ್ರೀದು ರೊದ್ದಂ ಹತ್ತಿರದ ಹಳ್ಳಿ. ಇಬ್ಬರೂ ಆರನೇ ಕ್ಲಾಸು, ಅಕ್ಕಪಕ್ಕದ ಹಾಸಿಗೆ. ದಿನಕ್ಕೆ ಮೂರು ಸಲ ಜಗಳ, ನಾಲ್ಕು ಸಲ ರಾಜಿ.

ನವೆಂಬರಿನಲ್ಲಿ ಒಂದು ದಿನ ವಾರ್ಡನ್ ಉಮಾದೇವಿ ಮೇಡಂ ಊಟದ ಹಾಲಿಗೆ ಬಂದವರೇ ಕರೆಂಟು ಬಿಲ್ಲು ಎತ್ತಿ ಹಿಡಿದರು.

“ಚೂಡಂಡಮ್ಮಾ, ನೋಡಿ! ದಿನಕ್ಕೆ ಹದಿಮೂರು ಯೂನಿಟ್ಟು! ಟ್ರಸ್ಟಿನೋರು ನನ್ನ ಬೈತಾ ಇದಾರೆ. ಇನ್ಮೇಲೆ ಬೆಳಗಿನ ಜಾವದ ಲೈಟು ಬಂದ್. ಓದೋರು ಹೊತ್ತು ಹುಟ್ಟಿದ ಮೇಲೆ ಓದ್ಕೊಳ್ಳಿ.”

ಹೊತ್ತು ಹುಟ್ಟಿದ ಮೇಲೆ ಓದೋದು ಯಾವಾಗ? ಸ್ನಾನಕ್ಕೆ ಕ್ಯೂ, ತಿಂಡಿಗೆ ಕ್ಯೂ, ಆಮೇಲೆ ಸ್ಕೂಲಿಗೆ ಓಟ. ನೆಮ್ಮದಿಯಾಗಿ ಓದೋಕೆ ಸಿಗುತ್ತಿದ್ದುದು ಆ ಬೆಳಗಿನ ಒಂದೂವರೆ ಗಂಟೆ ಮಾತ್ರ.

ಎಲ್ಲರೂ ತಲೆ ತಗ್ಗಿಸಿದ್ದಾಗ ಬನಶ್ರೀ ಎದ್ದು ನಿಂತಳು. “ಮೇಡಂ, ಇವು ಬಲ್ಬಲ್ಲ ಮೇಡಂ. ಒಲೆ!”

ಹುಡುಗಿಯರೆಲ್ಲ ಕಿಸಕ್ಕಂತ ನಕ್ಕರು. ಬನಶ್ರೀ ಬಿಡಲಿಲ್ಲ. ಅವಳು ಹಿಡಿದದ್ದು ಬಿಡುವ ಪೈಕಿಯೇ ಅಲ್ಲ.

“ನಗ್ಬೇಡ್ರೇ. ನಮ್ಮಪ್ಪ ರೇಷ್ಮೆ ಹುಳ ಸಾಕ್ತಾರೆ. ಹುಳ ಸಣ್ಣವಿದ್ದಾಗ ಚಳಿ ತಡೆಯಲ್ಲ. ಅದಕ್ಕೆ ಹುಳದ ಮನೇಲಿ ಇನ್ನೂರು ವೋಲ್ಟಿನ ಬಲ್ಬು ಹಾಕ್ತಾರೆ. ಬೆಳಕಿಗಲ್ಲ ಮೇಡಂ, ಶಾಖಕ್ಕೆ! ಅದರ ಕೆಳಗೆ ಎರಡು ನಿಮಿಷ ನಿಂತ್ರೆ ನೆತ್ತಿ ಸುಡ್ತದೆ. ನಮ್ಮ ಹಾಸ್ಟೆಲಲ್ಲಿ ಇರೋದೂ ಅದೇ ಹಳೇ ಹಳದಿ ಬಲ್ಬು. ಇಪ್ಪತ್ತಾರು ಐತೆ, ನಾನು ಎಣಿಸಿದೀನಿ. ಓದೋಕೆ ಅಂತ ಇಪ್ಪತ್ತಾರು ಒಲೆ ಹಚ್ಚಿದೀವಿ!”

ಮೇಡಂ ನಗಲಿಲ್ಲ. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಮುರಳಿಕೃಷ್ಣನನ್ನು ಕರೆಸಿದರು. ಹುಡುಗಿಯರಿಗೆ ಅವನು ಮುರಳಣ್ಣ. ಮೊದಲು ವೋಲ್ಟಲ್ಲ ಕಣಮ್ಮ, ವ್ಯಾಟು ಅಂತ ತಿದ್ದಿದ. ಆಮೇಲೆ ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕಿದ.

“ಈ ಮಗು ಹೇಳಿದ್ದು ನಿಜ ಮೇಡಂ. ಹಳೇ ಬಲ್ಬು ಅರವತ್ತು ವ್ಯಾಟು ತಿಂದು ಕೊಡೋ ಬೆಳಕ್ನ ಎಲ್ಇಡಿ ಒಂಬತ್ತು ತಿಂದು ಕೊಡ್ತದೆ. ಎಲ್ಲಾ ಬದಲಾಯಿಸಿದ್ರೆ ದಿನಕ್ಕೆ ಐದೇ ಯೂನಿಟ್ಟು ಆಗ್ತದೆ. ನೀರಿನ ಮೋಟ್ರು, ಗ್ರೈಂಡ್ರು ಎಲ್ಲಾ ಸೇರಿ.”

“ಬಲ್ಬಿಗೆ ದುಡ್ಡು?” ಅಂದರು ಮೇಡಂ.

ದುಡ್ಡು ಒಂದೇ ಕಡೆ ಇತ್ತು. ಪಿಕ್ನಿಕ್ಕಿನ ದುಡ್ಡು. ಲೇಪಾಕ್ಷಿಗೆ ಹೋಗಿ ದೊಡ್ಡ ಬಸವಣ್ಣನ ನೋಡಿ, ಅಲ್ಲೇ ಬುತ್ತಿ ಬಿಚ್ಚಿ ಉಂಡು ಬರೋದು ಅಂತ ಹುಡುಗಿಯರು ಜೂನ್ ತಿಂಗಳಿಂದ ಕನಸು ಕಾಣುತ್ತಿದ್ದರು.

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಆಗ ಬನಶ್ರೀ ಎರಡನೇ ಸಲ ಎದ್ದು ನಿಂತಳು. “ಬಲ್ಬು ಹಾಕ್ಸಿ ಮೇಡಂ. ದಿನಕ್ಕೆ ಐದು ಯೂನಿಟ್ಟಿಗೆ ಇಳಿದೇ ಇಳೀತದೆ. ಬಿಲ್ಲಲ್ಲಿ ಉಳಿದ ದುಡ್ಡಲ್ಲಿ ಸಂಕ್ರಾಂತಿ ಆದ್ಮೇಲೆ ಪಿಕ್ನಿಕ್ಕಿಗೆ ಹೋಗಾನ. ಇಳೀಲಿಲ್ಲ ಅಂದ್ರೆ ನನ್ನ ಹೆಸರು ಬನಶ್ರೀನೇ ಅಲ್ಲ!”

ಅವಳ ಮಾತಿನ ಮೇಲೆ ಮೂವತ್ತೈದು ಕೈ ಮೇಲೆದ್ದವು. ಮೇಘನಾಳ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಆದರೂ ಎದ್ದಿತು.

ಬಲ್ಬು ಬದಲಾದ ಮೊದಲ ದಿನ ಐದು ಯೂನಿಟ್ಟು. ಎರಡನೇ ದಿನ ಐದು. ಮೂರನೇ ದಿನವೂ ಐದು. ಹುಡುಗಿಯರು ಬನಶ್ರೀಯನ್ನು ಎತ್ತಿಕೊಂಡು ಕುಣಿದಿದ್ದರು. ಆಮೇಲೆ, ಹೋದ ಮಂಗಳವಾರ, ಯಾಕೋ ಏನೋ ಒಂಬತ್ತಾಯಿತು. ಬುಧವಾರ ಮತ್ತೆ ಐದು. ಗುರುವಾರ ಒಂಬತ್ತು. ಶನಿವಾರವೂ ಒಂಬತ್ತು. ಇವತ್ತು ಮತ್ತೆ ಮಂಗಳವಾರ, ಮತ್ತೆ ಒಂಬತ್ತು.

“ಇದೇನಮ್ಮಾ ಬನಶ್ರೀ, ನಿನ್ನ ಮೀಟರು ಕುಂಟೋಬಿಲ್ಲೆ ಆಡ್ತಾ ಐತಾ?” ಮೇಡಂ ನೋಟ್‌ಬುಕ್ಕು ನೋಡಿ ಕೇಳಿದರು. ಮುಖದಲ್ಲಿ ನಗು ಇರಲಿಲ್ಲ. “ಟ್ರಸ್ಟಿನೋರಿಗೆ ನಾನು ಏನು ಹೇಳ್ಲಿ? ಮುಂದಿನ ವಾರದ ಶನಿವಾರದ ತನಕ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಬೆಳಗಿನ ಲೈಟೂ ಇಲ್ಲ, ಪಿಕ್ನಿಕ್ಕೂ ಇಲ್ಲ.”

ತಿಂಡಿಗೆ ಕೂತಾಗ ಯಾರೂ ಅವಳ ಪಕ್ಕ ಕೂರಲಿಲ್ಲ.

“ನಿಂಗೆ ಹೊಸ ಹೆಸರು ಏನಿಡಾನ ಅಂತ ಯೋಚನೆ ಮಾಡ್ತಿದೀವಿ,” ಅಂದಳು ಎಂಟನೇ ಕ್ಲಾಸಿನ ಮೌನಿಕಾ. “ಬಲ್ಬಮ್ಮ ಅಂದ್ರೆ ಆಗ್ತದಾ?”

ಎಲ್ಲರೂ ನಕ್ಕರು. ಬನಶ್ರೀ ಇಡ್ಲಿ ಮುರಿದು ಬಾಯಿಗೆ ಹಾಕಿಕೊಂಡಳು. ಮೆತ್ತಗೆ, ಹೂವಿನಂಗಿತ್ತು. ಆದರೆ ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟಳು. ಅವಮಾನ ಅಂದರೆ ಏನು ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಸಂಜೆ ಮುರಳಣ್ಣ ಬಂದ. ಒಂದೊಂದೇ ಬಲ್ಬು ನೋಡಿದ. ಮೇಘನಾ ಅವನ ಹಿಂದೆಯೇ ಸುತ್ತಿದಳು.

“ಡೂಪ್ಲಿಕೇಟ್ ಬಲ್ಬು ಹಾಕ್ಬುಟ್ಟಿದ್ಯಾ ಹೆಂಗಣ್ಣಾ?”

“ಏಯ್, ನನ್ನ ಅಂಗಡಿ ಹೆಸರು ಕೆಡಿಸ್ಬೇಡ ತಾಯಿ!”

“ಅಲ್ಲಣ್ಣಾ, ಇಷ್ಟೆಲ್ಲಾ ಒದ್ದಾಟ ಯಾಕೆ? ನಮ್ಮ ಕಲ್ಯಾಣದುರ್ಗದ ಕಡೆ ಬಾ, ಗುಡ್ಡದ ತುಂಬ ಗಾಳಿ ಫ್ಯಾನುಗಳು ಗಿರಗಿರ ತಿರುಗ್ತವೆ. ಕರೆಂಟು ಗಾಳೀಲಿ ಬಿಟ್ಟಿ ಬತ್ತದೆ.”

ಮುರಳಣ್ಣ ಏಣಿ ಇಳಿದು ಕೈ ಒರೆಸಿಕೊಂಡ. “ಗಾಳಿ ನಿಂತಾಗ ನಿಮ್ಮೂರ ಫ್ಯಾನು ಏನು ಮಾಡ್ತದೆ?”

“ಸುಮ್ನೆ ನಿಂತ್ಕೊತದೆ.”

“ಆಗ ನಿಮ್ಮನೇಲಿ ಲೈಟು ಆರೋಯ್ತದಾ?”

ಮೇಘನಾ ಯೋಚಿಸಿದಳು. “ಇಲ್ಲ.”

“ಯಾಕಂದ್ರೆ ಎಲ್ಲೋ ಒಂದ್ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿ ಕಳಿಸ್ತಾವ್ರೆ. ನೀನಿಲ್ಲಿ ಸ್ವಿಚ್ಚು ಒತ್ತಿದ್ರೆ ಅಲ್ಲಿ ಹೊಗೆ ಏಳ್ತದೆ. ಕಾಣ್ಸಲ್ಲ, ಅಷ್ಟೇ.”

ಮೇಘನಾ ಗೋಡೆಯ ಸ್ವಿಚ್ಚನ್ನೇ ನೋಡಿದಳು.

ಮುರಳಣ್ಣ ಬನಶ್ರೀ ಕಡೆ ತಿರುಗಿದ. “ಬಲ್ಬೆಲ್ಲ ಸರಿಯಾಗಿದಾವೆ ಕಣಮ್ಮ. ಮೀಟರು ಸುಳ್ಳು ಹೇಳಲ್ಲ. ಎಲ್ಲೋ ಏನೋ ಉರೀತಾ ಐತೆ. ಒಂದು ಕೆಲಸ ಮಾಡು. ಮಲಗೋಕೆ ಮುಂಚೆ ಒಂದ್ಸಲ ನಂಬರು ಬರ್ಕೋ, ಎದ್ದ ತಕ್ಷಣ ಒಂದ್ಸಲ ಬರ್ಕೋ. ಕಳ್ಳ ಹಗಲಲ್ಲಿ ಬತ್ತಾನಾ, ರಾತ್ರಿ ಬತ್ತಾನಾ, ಅಷ್ಟಾದ್ರೂ ಗೊತ್ತಾಗ್ತದೆ.”

ಬನಶ್ರೀ ಹಾಗೇ ಮಾಡಿದಳು. ಬುಧವಾರ ಬೆಳಗ್ಗೆ ನೋಡಿದರೆ ನಂಬರು ಹಿಂದಿನ ರಾತ್ರಿ ಎಷ್ಟಿತ್ತೋ ಅಷ್ಟೇ. ಗುರುವಾರ ಬೆಳಗ್ಗೆ ನೋಡಿದರೆ, ರಾತ್ರಿ ಮಲಗಿದ ಮೇಲೇ ಮೂರು ಯೂನಿಟ್ಟು ಮಾಯ! ಮೂವತ್ತಾರು ಜನವೂ ಹೊದ್ದು ಮಲಗಿದ್ದಾಗ, ಒಂದು ಲೈಟೂ ಇಲ್ಲದಾಗ!

“ದೆವ್ವ ಕಣಕ್ಕ,” ಅಂದಳು ಮೂರನೇ ಕ್ಲಾಸಿನ ಪುಟ್ಟಿ.

“ದೆವ್ವಕ್ಕೆ ಕತ್ತಲೇ ಇಷ್ಟ ಕಣೇ, ಅದಕ್ಯಾಕೆ ಕರೆಂಟು?” ಅಂತ ಮೇಘನಾ ಅವಳ ಬಾಯಿ ಮುಚ್ಚಿಸಿದಳು.

ಅವತ್ತು ತಿಂಡಿಗೆ ಬನಶ್ರೀ ನೋಟ್‌ಬುಕ್ಕು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಮಂಗಳವಾರ ಒಂಬತ್ತು. ಬುಧವಾರ ಐದು. ಗುರುವಾರ ಒಂಬತ್ತು. ಶುಕ್ರವಾರ ಐದು. ಶನಿವಾರ ಒಂಬತ್ತು. ಭಾನುವಾರ, ಸೋಮವಾರ ಐದೈದು. ಮತ್ತೆ ಮಂಗಳವಾರ ಒಂಬತ್ತು. ತಲೆ ಎತ್ತಿದಳು. ಎದುರಿಗೆ ಗೋಡೆಯ ಮೇಲೆ ತಿಂಡಿಯ ಬೋರ್ಡು. ದಿನಾ ನೋಡುವ ಬೋರ್ಡು.

ಸೋಮವಾರ ಉಪ್ಪಿಟ್ಟು. ಮಂಗಳವಾರ ಇಡ್ಲಿ. ಬುಧವಾರ ಚಿತ್ರಾನ್ನ. ಗುರುವಾರ ಇಡ್ಲಿ. ಶುಕ್ರವಾರ ಉಪ್ಪಿಟ್ಟು. ಶನಿವಾರ ಇಡ್ಲಿ. ಭಾನುವಾರ ಪೂರಿ.

ಬನಶ್ರೀ ಕೈಯಲ್ಲಿದ್ದ ಇಡ್ಲಿ ತುಂಡು ತಟ್ಟೆಗೆ ಬಿತ್ತು.

“ಏನಾಯ್ತೇ?” ಅಂದಳು ಮೇಘನಾ.

“ಇಡ್ಲಿ,” ಅಂದಳು ಬನಶ್ರೀ. “ಇಡ್ಲಿ ಇರೋ ದಿನ ಒಂಬತ್ತು ಕಣೇ!”

“ಇಡ್ಲಿ ಏನು ಕರೆಂಟು ತಿಂತದಾ? ನಾವು ಇಡ್ಲಿ ತಿಂತೀವಿ.” ಮೇಘನಾ ಅವಳ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದಳು.

ಬನಶ್ರೀ ನೋಟ್‌ಬುಕ್ಕು ಮುಚ್ಚಿದಳು. ಮುಂದಿನ ಇಡ್ಲಿ ಶನಿವಾರ. ಅಲ್ಲಿಯವರೆಗೆ ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿದಳು.

ಶನಿವಾರ ಬೆಳಗ್ಗೆ ಎದ್ದವಳೇ ಮೀಟರಿನ ಹತ್ತಿರ ಹೋಗಲಿಲ್ಲ. ಸೀದಾ ಅಡುಗೆಮನೆಯ ಕಡೆ ನಡೆದಳು. ಅಡುಗೆಯ ನಾಗಕ್ಕ ಬಚ್ಚಲಲ್ಲಿ ಹಂಡೆಯ ಒಲೆ ಹಚ್ಚುತ್ತಿದ್ದಳು. ಅಡುಗೆಮನೆಯ ಪಕ್ಕ ಸಾಮಾನಿನ ಕೋಣೆ, ಬಾಗಿಲು ಮುಚ್ಚಿತ್ತು. ಬನಶ್ರೀ ಬಾಗಿಲ ಮೇಲೆ ಅಂಗೈ ಇಟ್ಟಳು.

ಬಾಗಿಲು ಬೆಚ್ಚಗಿತ್ತು.

ಆ ಬಿಸುಪು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಊರಿನಲ್ಲಿ ಚಳಿಗಾಲದ ಬೆಳಗ್ಗೆ ಹುಳದ ಮನೆಯ ಬಾಗಿಲು ಮುಟ್ಟಿದರೆ ಹೀಗೇ ಇರುತ್ತದೆ. ಅವಳು ಚಿಲಕ ತೆಗೆದಳು.

ಒಳಗೆ ಎರಡು ದೊಡ್ಡ ಪಾತ್ರೆಯಲ್ಲಿ ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತಿಕೊಂಡು ನಿಂತಿತ್ತು. ಮೇಲೆ ವೈರಿನಲ್ಲಿ ಎರಡು ಬಲ್ಬು ಜೋತಾಡುತ್ತಿದ್ದವು. ಮೊದಲು ವರಾಂಡದಲ್ಲಿದ್ದ ಹಳೇ ಇನ್ನೂರು ವ್ಯಾಟಿನ ಬಲ್ಬುಗಳು. ಮುರಳಣ್ಣ ಅವನ್ನು ಬಿಚ್ಚಿ ರಟ್ಟಿನ ಡಬ್ಬಿಯಲ್ಲಿ ಹಾಕಿ ಇದೇ ಕೋಣೆಯಲ್ಲಿ ಇಟ್ಟು ಹೋಗಿದ್ದ.

“ಅಯ್ಯೋ, ನೋಡ್ಬುಟ್ಯಾ!” ಹಿಂದಿನಿಂದ ನಾಗಕ್ಕನ ದನಿ. ಬನಶ್ರೀ ಬೆಚ್ಚಿ ತಿರುಗಿದಳು. ನಾಗಕ್ಕನ ಮುಖದಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದ ಭಯ ಒಂದಿಷ್ಟೂ ಇರಲಿಲ್ಲ. ಮುಖದ ತುಂಬಾ ನಗು. “ಹೆಂಗೈತೆ ನನ್ನ ಹುಳದ ಮನೆ? ಎಲ್ಲಾ ನಿಂದೇ ಐಡಿಯಾ ಕಣಮ್ಮಿ!”

“ನಂದಾ?”

“ನಿಂದೇ! ಅವತ್ತು ಹಾಲಲ್ಲಿ ನಿಂತ್ಕೊಂಡು ಬಲ್ಬು ಅಂದ್ರೆ ಒಲೆ ಅಂತ ಹೇಳ್ತಿದ್ದಲ್ಲ, ಅಡುಗೆಮನೆ ಕಿಟಕೀಲಿ ಕೇಳಿಸ್ಕೊಂಡೆ. ಅಷ್ಟೊತ್ತಿಗೆ ಸಾರು ಉಕ್ತು, ಓಡಿ ಹೋದೆ, ಮುಂದಿಂದು ಕೇಳ್ಲಿಲ್ಲ. ಚಳಿಗೆ ಹಿಟ್ಟು ಹುದುಗು ಬರ್ತಿರ್ಲಿಲ್ಲ. ಒಂದಿನ ನೀನೇ ತಟ್ಟೆ ಎತ್ತಿ ಹಿಡ್ದು ಅಂದೆಯಲ್ಲ, ‘ನಾಗಕ್ಕನ ಇಡ್ಲೀಲಿ ಕಾಂಪೌಂಡ್ ಗೋಡೆ ಕಟ್ಬೋದು’ ಅಂತ. ಎಲ್ಲಾರೂ ನಕ್ಕರು. ನಾನೂ ನಕ್ಕೆ ಅನ್ನು. ಆದ್ರೆ ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ ಕಣಮ್ಮ. ಮೂವತ್ತಾರು ಮಕ್ಕಳು ಮನೆ ಬಿಟ್ಟು ಬಂದವ್ರೆ, ಕಲ್ಲು ತಿನ್ನಿಸ್ತಿದೀನಲ್ಲ ಅಂತ. ಆಮೇಲೆ ನಿನ್ನ ಮಾತು ಗ್ಯಾಪ್ಕ ಬಂತು. ಈಗ ನೋಡು, ಹೆಂಗೆ ಉಬ್ಬೈತೆ!”

ಬನಶ್ರೀ ಉಬ್ಬಿದ ಹಿಟ್ಟಿನ ಕಡೆ ನೋಡಿದಳು. ಆ ಇಡ್ಲಿಯ ಮಾತು ಅವಳಿಗೆ ಮರೆತೇ ಹೋಗಿತ್ತು. ಅಂದು ನಕ್ಕು, ಕೈ ತೊಳೆದು, ಸ್ಕೂಲಿಗೆ ಓಡಿದ್ದಳು ಅಷ್ಟೆ.

“ನಾಗಕ್ಕ,” ಅಂದಳು ಕೊನೆಗೆ. “ಈ ಎರಡು ಬಲ್ಬು ಸಂಜೆಯಿಂದ ಬೆಳಗಿನ ತನಕ ಉರಿದ್ರೆ ನಾಲ್ಕು ಯೂನಿಟ್ಟು. ನಾವು ಮಲಗೋ ಮುಂಚೆ ಒಂದು, ಮಲಗಿದ್ಮೇಲೆ ಮೂರು. ನಾನು ಹುಡುಕ್ತಿರೋ ನಾಲ್ಕು ಯೂನಿಟ್ಟು ಇವೇ.”

ನಾಗಕ್ಕನ ನಗು ನಿಧಾನಕ್ಕೆ ಇಳಿಯಿತು. “ಎರಡು ಬಲ್ಬಿಗಾ? ಲೈಟು ತಾನೇ ಅಂತ... ಅಯ್ಯೋ ದೇವುಡಾ. ಮೇಡಂಗೆ ಹೇಳ್ಬುಡ್ತೀಯಾ? ನನ್ನ ಕೆಲಸ ಹೋಯ್ತದೆ ಕಣಮ್ಮ!” ಅವಳ ಕೈ ಸ್ವಿಚ್ಚಿನ ಕಡೆ ಹೋಯಿತು, ಆದರೆ ಕಣ್ಣು ಹಿಟ್ಟಿನ ಮೇಲೇ ಇತ್ತು. “ಆರಿಸಿದ್ರೆ ಮತ್ತೆ ಕಲ್ಲು.”

ಹೇಳಿದರೆ ಬನಶ್ರೀ ಗೆದ್ದ ಹಾಗೆ. ‘ಬಲ್ಬಮ್ಮ’ ಅಂದವರ ಬಾಯಿ ಈಗಲೇ ಮುಚ್ಚುತ್ತದೆ. ಆದರೆ ನಾಗಕ್ಕನನ್ನು ಎಲ್ಲರ ಮುಂದೆ ನಿಲ್ಲಿಸಿ ಗೆಲ್ಲೋದು ಎಂಥಾ ಗೆಲುವು? ಥೂ ಅನ್ನಿಸಿತು ಬನಶ್ರೀಗೆ.

“ಹೇಳಲ್ಲ,” ಅಂದಳು. “ಮೇಡಂ ಇನ್ನೊಂದು ವಾರ ಟೈಂ ಕೊಟ್ಟವ್ರೆ. ಅಷ್ಟರೊಳಗೆ ಇಡ್ಲೀನೂ ಮೆತ್ತಗಾಗ್ಬೇಕು, ಮೀಟರೂ ಇಳೀಬೇಕು. ಎರಡೂ ಆಗ್ಬೇಕು ನಾಗಕ್ಕ!”

ಭಾನುವಾರ ಮನೆಯವರು ನೋಡಲು ಬರುವ ದಿನ. ಬನಶ್ರೀಯ ಅಪ್ಪ ಈರಲಿಂಗಪ್ಪ ಸೈಕಲ್ ಮೋಟರಿನಲ್ಲಿ ಬಂದರು. ರೇಷ್ಮೆ ಗೂಡು ಬಿಡಿಸಿ ಮುಗಿದಿತ್ತು, ಮುಖದಲ್ಲಿ ನೆಮ್ಮದಿ ಇತ್ತು. ಕಡಲೆಕಾಯಿ ಉಂಡೆಯ ಡಬ್ಬಿ ಕೈಗಿಡುವ ಮೊದಲೇ ಮಗಳ ಪ್ರಶ್ನೆ ಬಂತು.

“ಅಪ್ಪಾ, ಕರೆಂಟು ಬರೋಕೆ ಮುಂಚೆ ಅಜ್ಜಿ ಹುಳಾನ ಹೆಂಗೆ ಬೆಚ್ಚಗೆ ಇಡ್ತಿದ್ರು?”

“ಉಂಡ್ಯಾ, ಚೆನ್ನಾಗಿದ್ದೀಯಾ ಅಂತ ಒಂದು ಮಾತು ಕೇಳಲ್ಲ ನೋಡು ಇವಳು!” ಅಪ್ಪ ನಕ್ಕರು. “ಕೆಂಡ ಇಡೋರು. ಆದ್ರೆ ಅದಕ್ಕಿಂತ ಮುಂಚೆ ನಿಮ್ಮಜ್ಜಿ ಮಾಡ್ತಿದ್ದ ಕೆಲಸ ಬೇರೆ. ಗೋಡೆ ಸಂದಿಗೆಲ್ಲ ಹುಲ್ಲು ತುರುಕಿ, ಬಾಗ್ಲಿಗೆ ಗೋಣಿ ತಾಟು ಕಟ್ಟೋಳು. ಕೆಂಡ ಎಷ್ಟಾದ್ರೂ ಇಡು, ಇರೋ ಶಾಖ ಓಡಿ ಹೋದ್ರೆ ಏನು ಬಂತು ಅನ್ನೋಳು. ಮೊದಲು ಅದನ್ನ ಹಿಡ್ಕೋಬೇಕು ಕಣಮ್ಮ.”

ಬನಶ್ರೀ ಅಪ್ಪನ ಕೈ ಹಿಡಿದು ಕುಣಿದಳು. “ಅಪ್ಪಾ, ಈಗ್ಲೇ ಹೋಗಿ ಹುಲ್ಲು ತತ್ತೀಯಾ?”

“ಈಗ ತಾನೇ ಬಂದಿದೀನಲ್ಲಮ್ಮಾ!”

ಆದರೂ ಈರಲಿಂಗಪ್ಪ ಹೋದರು. ಮಗಳು ಯಾವ ಪೈಕಿ ಅಂತ ಅವರಿಗೆ ಗೊತ್ತು. ಊರ ಹೊರಗಿನ ಪರಿಚಯದವರ ಬಣವೆಯಿಂದ ಒಂದು ಹೊರೆ ರಾಗಿ ಹುಲ್ಲು, ನಾಲ್ಕು ಗೋಣಿಚೀಲ ತಂದು ಹಾಕಿದರು.

ಸೋಮವಾರ ಸಂಜೆ ನಾಗಕ್ಕ ಹಿಟ್ಟು ರುಬ್ಬಿದಳು. ಗುಟ್ಟು ಮೇಘನಾಳಿಗೂ ಗೊತ್ತಾಗಿತ್ತು, ಯಾಕಂದರೆ ಬನಶ್ರೀಗೆ ಅವಳಿಂದ ಏನನ್ನೂ ಮುಚ್ಚಿಡೋಕೆ ಬರುವುದಿಲ್ಲ. ಮೂವರೂ ಸೇರಿ ಪಾತ್ರೆಗಳ ಸುತ್ತ ಹುಲ್ಲು ಒತ್ತಿ, ಮೇಲೆ ಗೋಣಿ ಹೊದಿಸಿದರು. ಎರಡು ಬಲ್ಬನ್ನೂ ಬಿಚ್ಚಿ ಡಬ್ಬಿಗೆ ಹಾಕಿದರು.

ಮಂಗಳವಾರ ಬೆಳಗ್ಗೆ ಮೀಟರು ಐದು. ಸರಿ. ಆದರೆ ಹಿಟ್ಟು ಅರ್ಧಕ್ಕೇ ನಿಂತಿತ್ತು.

“ಏನಿದು, ಮತ್ತೆ ಗೋಡೆ ಕಟ್ಟೋ ಇಡ್ಲಿ ಬಂತು!” ಮೌನಿಕಾ ಇಡ್ಲಿಯನ್ನು ತಟ್ಟೆಗೆ ಕುಟ್ಟಿ ತೋರಿಸಿದಳು. ಹಾಲಿನ ತುಂಬ ನಗು.

ಬನಶ್ರೀ ನಗಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಬಾಗಿಲ ಹಿಂದೆ ನಾಗಕ್ಕನ ಸೀರೆಯ ಅಂಚು ಕಾಣುತ್ತಿತ್ತು. ನಾಗಕ್ಕ ಅಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ದಿನಾ ಅಲ್ಲೇ ನಿಲ್ಲುತ್ತಿದ್ದಳೇನೋ. ಬನಶ್ರೀ ಒಂದು ದಿನವೂ ಆ ಕಡೆ ನೋಡಿರಲಿಲ್ಲ.

ತಿಂಡಿ ಮುಗಿದ ಮೇಲೆ ಒಳಗೆ ಹೋದರೆ ನಾಗಕ್ಕ ಬಲ್ಬಿನ ಡಬ್ಬಿ ತೆಗೆಯುತ್ತಿದ್ದಳು. “ನಂಗಾಗಲ್ಲ ಕಣಮ್ಮ. ಮೇಡಂ ಬೈದ್ರೆ ಒಂದು ದಿನ. ಮಕ್ಕಳ ಮುಖ ದಿನಾ ನೋಡ್ಬೇಕು.”

“ಇನ್ನೊಂದು ಸಲ ನಾಗಕ್ಕ. ಒಂದೇ ಸಲ!” ಬನಶ್ರೀ ಡಬ್ಬಿಯ ಮೇಲೆ ಎರಡೂ ಕೈ ಇಟ್ಟಳು. “ಎಲ್ಲಿ ತಪ್ತು ಅಂತ ಯೋಚನೆ ಮಾಡಾನ. ಹುಲ್ಲು ಶಾಖ ಹಿಡ್ಕೊತದೆ. ಆದ್ರೆ ಹಿಡ್ಕೊಳ್ಳೋಕೆ ಶಾಖ ಎಲ್ಲಿತ್ತು? ಹಿಟ್ಟೇ ತಣ್ಣಗಿತ್ತಲ್ಲ!”

ನಾಗಕ್ಕ ಡಬ್ಬಿ ಬಿಟ್ಟಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಡುಗೆಯ ವಿಷಯ ಅಂದರೆ ನಾಗಕ್ಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ಹಂಗಾದ್ರೆ ರುಬ್ಬೋವಾಗ್ಲೇ ಉಗುರುಬೆಚ್ಚಗಿನ ನೀರು ಹಾಕಾನ,” ಅಂದಳು. “ಸಾಮಾನಿನ ಕೋಣೇಲಿ ಬ್ಯಾಡ. ಬಚ್ಚಲಲ್ಲಿ ಹಂಡೆ ಒಲೆ ಪಕ್ಕ ಇಡಾನ. ಸಂಜೆ ಪಾತ್ರೆ ತೊಳ್ಯೋಕೆ ನೀರು ಕಾಯ್ಸಿರ್ತೀನಲ್ಲ, ಆ ಮಣ್ಣಿನೊಲೆ ಬೆಳಗಿನ ತನಕ ಬೆಚ್ಚಗಿರ್ತದೆ. ಪಕ್ಕದ ಕಟ್ಟೆ ತೊಳ್ದು ಒಣಗಿಸಿದ್ರಾಯ್ತು.”

ಬನಶ್ರೀಗೆ ನಾಚಿಕೆಯಾಯಿತು. ಇಷ್ಟು ದಿನ ಅವಳು ನಾಗಕ್ಕನಿಗೆ ಹೇಳಿಕೊಡುತ್ತಿದ್ದಳು. ಒಂದು ಸಲವಾದರೂ ಕೇಳಿದ್ದರೆ ಆಗುತ್ತಿತ್ತು.

ಬುಧವಾರ ಸಂಜೆ ಮತ್ತೆ ಹುಲ್ಲು, ಮತ್ತೆ ಗೋಣಿ. ಮೇಘನಾ ತನ್ನ ಹಳೇ ಸ್ವೆಟರನ್ನೂ ತಂದು ಪಾತ್ರೆಗೆ ತೊಡಿಸಿದಳು. “ಹಿಟ್ಟಮ್ಮಾ, ನಮ್ಮ ಬಲ್ಬಮ್ಮನ ಮಾನ ನಿನ್ನ ಕೈಲೈತೆ,” ಅಂತ ಕೈಮುಗಿದಳು. ನಾಗಕ್ಕ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು.

ಗುರುವಾರ ಬೆಳಗ್ಗೆ ಬನಶ್ರೀ ಮೊದಲು ಬಚ್ಚಲಿಗೆ ಓಡಿದಳು. ಗೋಣಿ ತೆಗೆದಳು. ಹಿಟ್ಟು ಉಬ್ಬಿ ಮೇಘನಾಳ ಸ್ವೆಟರಿನ ತೋಳಿಗೆ ಮೆತ್ತಿಕೊಂಡಿತ್ತು.

“ಬಂತು! ಹುದುಗು ಬಂತು!” ಅವಳ ಕೂಗಿಗೆ ಅರ್ಧ ಹಾಸ್ಟೆಲು ಎದ್ದಿತು. ಮೀಟರು ನೋಡಿದರೆ ಐದು.

ಶನಿವಾರವೂ ಐದು. ಇಡ್ಲಿಯೂ ಮೆತ್ತಗೆ.

ಸಂಜೆ ಹಾಲಿನಲ್ಲಿ ಉಮಾದೇವಿ ಮೇಡಂ ನೋಟ್‌ಬುಕ್ಕು ತಿರುವಿದರು. ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ನೋಡಿದರು. “ಒಂದು ವಾರದಿಂದ ಐದೈದು. ಸರೇ. ಏನಾಗಿತ್ತಮ್ಮಾ ಬನಶ್ರೀ? ಆ ನಾಲ್ಕು ಯೂನಿಟ್ಟು ತಿಂತಿದ್ದೋರು ಯಾರು?”

ಮೂವತ್ತೈದು ಮುಖ ಅವಳ ಕಡೆ ತಿರುಗಿತು. ಅಡುಗೆಮನೆಯ ಬಾಗಿಲ ಹಿಂದೆ ಸೀರೆಯ ಅಂಚು. ಬನಶ್ರೀ ಎದ್ದು ನಿಂತಳು.

“ತಪ್ಪು ನಂದು ಮೇಡಂ. ಬಲ್ಬು ಅಂದ್ರೆ ಒಲೆ ಅಂತ ಅಷ್ಟು ಜೋರಾಗಿ ಹೇಳ್ದೆ. ಆ ಒಲೆ ಎಷ್ಟು ತಿಂತದೆ ಅಂತ ಅಡುಗೆಮನೇಗೆ ಹೋಗಿ ಹೇಳ್ಲಿಲ್ಲ. ಇಡ್ಲಿ ಕಲ್ಲು ಅಂತ ಮಾತ್ರ ಅಡುಗೆಮನೇಗೆ ಕೇಳೋ ಹಂಗೆ ಹೇಳ್ದೆ.”

ಮೇಡಂಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ನಾಗಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಅವಳ್ದೇನೂ ಇಲ್ಲ ಮೇಡಂ. ಬಲ್ಬು ಹಾಕಿದ್ದು ನಾನು. ಹಿಟ್ಟು ಹುದುಗು ಬರ್ಲಿ ಅಂತ.” ಮತ್ತೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹಾಲಿನಲ್ಲಿ ಯಾರೂ ನಗಲಿಲ್ಲ. ಮೌನಿಕಾ ತಟ್ಟೆ ನೋಡುತ್ತಾ ಕೂತಳು.

ಮೇಡಂ ಕನ್ನಡಕ ತೆಗೆದರು. “ಆ ವಾರದ ಇಡ್ಲಿ ನಾನೂ ತಿಂದೆ ನಾಗಕ್ಕ,” ಅಂದರು. “ಬಾಯಿ ಚಪ್ಪರಿಸ್ಕೊಂಡು ತಿಂದೆ. ಹಂಗಾದ್ರೆ ಆ ನಾಲ್ಕು ಯೂನಿಟ್ಟಲ್ಲಿ ನಂದೂ ಪಾಲೈತೆ. ಏನು ಬೈಲಿ?” ಆಮೇಲೆ ದನಿ ಬದಲಾಯಿಸಿದರು. “ಮುಂದಿನ ಸಲ ಮಾತ್ರ ನನ್ನ ಒಂದು ಮಾತು ಕೇಳು. ಸಂಕ್ರಾಂತಿ ಕಳೆದ ಮೇಲೆ ಭಾನುವಾರ ಪಿಕ್ನಿಕ್ಕು. ನೀನೂ ಬರ್ಬೇಕು. ಅಡುಗೆ ಮಾಡೋಕಲ್ಲ, ಬಸವಣ್ಣನ ನೋಡೋಕೆ.”

ಹಾಲಿನ ಚಾವಣಿ ಕಿತ್ತುಹೋಗುವ ಹಾಗೆ ಕೂಗೆದ್ದಿತು. “ಹೆಸರು ಉಳ್ಕೊಂತು ಬಿಡೇ, ಬನಶ್ರೀ,” ಅಂತ ಮೇಘನಾ ಬೆನ್ನಿಗೆ ಗುದ್ದಿದಳು. ಗುದ್ದು ಜೋರಾಗಿಯೇ ಬಿತ್ತು.

ಜನವರಿ ಬಂತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಂದು ಮಂಗಳವಾರ, ಆ ವರ್ಷದಲ್ಲೇ ಇಲ್ಲದ ಚಳಿ. ನಲ್ಲಿ ನೀರು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಹುಲ್ಲು ಇತ್ತು, ಗೋಣಿ ಇತ್ತು, ಸ್ವೆಟರೂ ಇತ್ತು. ಆದರೂ ಹಿಟ್ಟು ಅವತ್ತು ಮುನಿಸಿಕೊಂಡುಬಿಟ್ಟಿತ್ತು.

ನಾಗಕ್ಕ ಯಾರ ಮುಖವನ್ನೂ ನೋಡದೆ ತಟ್ಟೆಗಳಿಗೆ ಇಡ್ಲಿ ಹಾಕುತ್ತಾ ಹೋದಳು. ಬೇಗ ಬೇಗ ಬಡಿಸಿ ಬಾಗಿಲ ಹಿಂದೆ ಸೇರಿಕೊಂಡಳು. ಹೊಸದಾಗಿ ಸೇರಿದ್ದ ಚಿಲಮತ್ತೂರಿನ ಹುಡುಗಿಯೊಬ್ಬಳು ಇಡ್ಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಬನಶ್ರೀ ತನ್ನ ಪಾಲಿನ ಮೂರು ಇಡ್ಲಿ ಆಗಲೇ ತಿಂದು ಮುಗಿಸಿದ್ದಳು. ಗಟ್ಟಿಯಾಗಿದ್ದವು, ನಿಜ. ಅವಳು ಖಾಲಿ ತಟ್ಟೆ ಹಿಡಿದು ಎದ್ದಳು. ಅಡುಗೆಮನೆಯ ಬಾಗಿಲವರೆಗೂ ನಡೆದಳು. ಹಾಲಿನವರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ನಾಗಕ್ಕ, ಇನ್ನೆರಡು ಹಾಕು!”